ಬುಕ್ಕಿಗೆ ಇಪ್ಪತ್ತೆರಡು ರಾತ್ರಿ

ನನ್ನ ಗಂಡ ಕುಡಿಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಹಾಗಿದ್ದ ಮೇಲೆ ಯಾಕೆ ಬಿಟ್ಟು ಬಂದೆ ಎಂದು ಕೇಳುವವರಿಗೆ ಉತ್ತರ ಹೇಳಿ ಹೇಳಿ ನನಗೆ ಸಾಕಾಗಿದೆ. ರವಿಚಂದ್ರ ಗಗನಚುಕ್ಕಿ ಜಲಪಾತದ ಹತ್ತಿರ ಬ್ಲಫ್ ಎನ್ನುವ ಊರಿನ ಪವರ್ ಹೌಸಿನಲ್ಲಿ ಆಪರೇಟರ್. ಗಂಟೆಗೊಮ್ಮೆ ಮೀಟರು ನೋಡಿ ಲಾಗ್ ಬುಕ್ಕಿನಲ್ಲಿ ಅಂಕಿ ತುಂಬುವುದು ಅವನ ಕೆಲಸ. ಬುಕ್ಕಿನಲ್ಲಿ ಇರುವುದು ಮಾತ್ರ ನಡೆದದ್ದು, ಮಿಕ್ಕಿದ್ದು ನಡೆಯಲೇ ಇಲ್ಲ ಎಂದು ನಂಬಿದ ಮನುಷ್ಯ. ಒಂದು ಸಲ ನಾನು ಜ್ವರ ಬಂದು ಮೂರು ದಿನ ಹಾಸಿಗೆ ಹಿಡಿದಿದ್ದೆ. ನಾಲ್ಕನೇ ದಿನ ತಲೆ ಎತ್ತಿ ನೋಡಿ, "ಯಾಕೆ, ಒಸಿ ಸೊರಗ್ದಂಗಿದ್ದೀಯಾ?" ಎಂದು ಕೇಳಿದ. ಮೂರು ದಿನ ತಾನು ಉಂಡಿದ್ದು ಪಕ್ಕದ ಕ್ವಾಟ್ರಸ್ಸಿನವರು ಕೊಟ್ಟ ಊಟ ಎನ್ನುವುದೂ ಅವನಿಗೆ ಗೊತ್ತಾಗಿರಲಿಲ್ಲ. ಅಂಥವನ ಜೊತೆ ಒಂಬತ್ತು ವರ್ಷ ಇದ್ದೆನಲ್ಲ, ಅದಕ್ಕೆ ಯಾರೂ ಯಾಕೆ ಎಂದು ಕೇಳುವುದಿಲ್ಲ.

ಬೇರೆಯಾದಾಗ ನಮ್ಮ ಮಗಳು ಗಗನಳಿಗೆ ಏಳು ತುಂಬಿತ್ತು. ನನ್ನ ಪರವಾಗಿ ಓಡಾಡಿದ್ದು ಯಲಿಯೂರಿನಲ್ಲಿರುವ ನಮ್ಮಣ್ಣ ಶಿವರಾಜು. ಟ್ರಾಕ್ಟರ್ ಬಾಡಿಗೆಗೆ ಬಿಟ್ಟು ದುಡಿದ ಹಣದಲ್ಲಿ ಒಂದು ವರ್ಷ ಲಾಯರು ಮಹದೇವಯ್ಯನವರ ಫೀಸು ಕಟ್ಟಿದವನು ಅವನೇ. ಕೊನೆಗೆ ಮಂಡ್ಯದಲ್ಲಿ ಕೂತು ರಾಜಿಪತ್ರ ಮಾಡಿಕೊಂಡೆವು. ಮಗು ತಿಂಗಳಲ್ಲಿ ಅರ್ಧ ನನ್ನ ಹತ್ತಿರ, ಅರ್ಧ ಅವನ ಹತ್ತಿರ. ಪೂರ್ತಿ ನನ್ನ ಬಳಿಯೇ ಇದ್ದಿದ್ದರೆ ಅವನು ತಿಂಗಳಿಗೆ ಎಂಟು ಸಾವಿರ ಕೊಡಬೇಕಾಗಿತ್ತು. ಅರ್ಧ ಜವಾಬ್ದಾರಿ ಅವನೇ ಹೊರುವುದರಿಂದ ನಾಲ್ಕು ಸಾವಿರ. ಇಪ್ಪತ್ತು ರಾತ್ರಿಗಿಂತ ಹೆಚ್ಚು ಅವನ ಮನೆಯಲ್ಲಿ ಮಲಗಿದ ತಿಂಗಳು ಏನೂ ಕೊಡಬೇಕಾಗಿಲ್ಲ. ರಾತ್ರಿಯನ್ನೇ ಯಾಕೆ ಎಣಿಸುತ್ತೀರಿ ಎಂದು ನಾನು ಕೇಳಿದೆ. ಮಗು ಎಲ್ಲಿ ಮಲಗುತ್ತದೋ ಅಲ್ಲಿ ಖರ್ಚು ಎಂದು ರಾಜಿ ಮಾಡಿಸುತ್ತಿದ್ದ ಮೇಡಂ ಹೇಳಿದರು. ಹಗಲು ಹೊತ್ತು ಮಕ್ಕಳು ಉಣ್ಣುವುದಿಲ್ಲವೇನೋ ಎಂದುಕೊಂಡು ಸೈನ್ ಹಾಕಿದೆ.

ನಾನು ಮಳವಳ್ಳಿಯಲ್ಲಿ ಜೈನಾಬ್ ಬೀ ಎಂಬುವರ ಮನೆಯ ಹಿಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದೆ. ಮಗುವಿನ ಸ್ಕೂಲು ಎರಡು ಬೀದಿ ಆಚೆ. ಅವನ ಸರದಿಯ ವಾರ ಬ್ಲಫಿನಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ನನ್ನ ಕೆಲಸ ಮದ್ದೂರಿನ ಹತ್ತಿರದ ಗಾರ್ಮೆಂಟ್ಸಿನಲ್ಲಿ, ಶರ್ಟಿನ ಕಾಲರು ಹೊಲಿಯುವುದು. ಬೆಳಿಗ್ಗೆ ಏಳಕ್ಕೆ ಫ್ಯಾಕ್ಟರಿ ಬಸ್ಸು ಹತ್ತಿದರೆ ಸಾಯಂಕಾಲ ಏಳಕ್ಕೆ ಇಳಿಯುವುದು. ಸ್ಕೂಲು ಬಿಟ್ಟ ಮೇಲೆ ಗಗನಳನ್ನು ಜೈನಾಬ್ ಬೀ ನೋಡಿಕೊಳ್ಳುತ್ತಿದ್ದರು. ಗಂಡ ತೀರಿಕೊಂಡು, ಮಗಳು ರಾಮನಗರಕ್ಕೆ ಮದುವೆಯಾಗಿ ಹೋದ ಮೇಲೆ ಒಬ್ಬರೇ ಇದ್ದ ಹೆಂಗಸು. ಮಗು ನೋಡಿಕೊಳ್ಳಲು ಎಷ್ಟು ಕೊಡಲಿ ಎಂದರೆ, "ಬಾಡಿಗೆ ಸರಿಯಾಗಿ ಕೊಡು ಬೇಟಿ, ಸಾಕು" ಎಂದು ಗದರಿದರು.

ಮಗುವನ್ನು ಒಪ್ಪಿಸುವುದು, ಪಡೆಯುವುದು ಭಾನುವಾರ ಸಾಯಂಕಾಲ ಮಳವಳ್ಳಿ ಬಸ್‌ಸ್ಟ್ಯಾಂಡಿನಲ್ಲಿ. ಮೊದಲನೇ ಭಾನುವಾರವೇ ರವಿಚಂದ್ರ ಉದ್ದನೆಯ ರಿಜಿಸ್ಟರ್ ಒಂದನ್ನು ತಂದ. ಸ್ಕೇಲಿಟ್ಟು ಗೆರೆ ಹಾಕಿದ್ದ. ತಾರೀಕು, ರಾತ್ರಿ ಯಾರ ಮನೆ, ಒಪ್ಪಿಸಿದವರು, ಪಡೆದವರು, ಕೊನೆಯಲ್ಲಿ ಏನಾದರೂ ವಿಶೇಷವಿದ್ದರೆ ಬರೆಯಲು 'ಷರಾ'.

"ಇದೇನು ಮಗಳಾ, ಮೋಟಾರಾ?" ಎಂದೆ.

"ಶಿಫ್ಟು ಬದಲಾಯ್ಸೋವಾಗ ನಾವು ಇಂಗೇ ಮಾಡದು. ನಾಳೆ ನೀನು ಒಂದ್ ಅಂದು ನಾನು ಒಂದ್ ಅನ್ನದು ಬ್ಯಾಡ. ಯಾವ್ ಕಾಲಮ್ಮೂ ಖಾಲಿ ಬುಡಂಗಿಲ್ಲ."

ಅವನಿಗೆ ಅಂಕಿ ಚೆಂದ, ಅಕ್ಷರ ಕಾಗೆ ಕಾಲು. ಹಾಗಾಗಿ ಬರೆಯುವ ಕೆಲಸ ನನಗೇ ಬಂತು. ನನ್ನ ಅಕ್ಷರ ದುಂಡಗಿದೆ. ಹೈಸ್ಕೂಲಿನಲ್ಲಿ ಅದಕ್ಕೆ ಬಹುಮಾನವಾಗಿ ಸ್ಟೀಲ್ ತಟ್ಟೆ ಬಂದಿತ್ತು.

ಎರಡು ತಿಂಗಳು ಎಲ್ಲವೂ ಬರೆದಂತೆಯೇ ನಡೆಯಿತು. ಮಗು ಅವನ ಬಳಿ ಇರುವ ರಾತ್ರಿ ನಾನು ಓವರ್‌ಟೈಮ್ ಕೇಳಿ ಹಾಕಿಸಿಕೊಳ್ಳುತ್ತಿದ್ದೆ. ಖಾಲಿ ಕೋಣೆಗೆ ಬರಲು ಭಯವಾಗುತ್ತಿತ್ತು. ಆಗಸ್ಟಿನಲ್ಲಿ ಒಂದು ಭಾನುವಾರ ಬ್ಲಫಿನಿಂದ ಬಂದ ಗಗನ ಊಟ ಬೇಡ ಎಂದಳು, ಸ್ನಾನ ಬೇಡ ಎಂದಳು. ಚೀಲದಲ್ಲಿ ಒದ್ದೆ ಲಂಗ ಮುದುರಿಟ್ಟಿತ್ತು. ಕೇಳಿದ್ದಕ್ಕೆ ಬಾಯಿ ಬಿಡಲಿಲ್ಲ. ಜೈನಾಬ್ ಬೀ ತೊಡೆಯ ಮೇಲೆ ಕೂರಿಸಿಕೊಂಡು ತಲೆಗೆ ಎಣ್ಣೆ ಹಚ್ಚುತ್ತಾ ಕೇಳಿದ ಮೇಲೆ ಹೇಳಿದಳು. ಅಪ್ಪನಿಗೆ ಆ ವಾರ ನೈಟ್ ಶಿಫ್ಟು. ಹತ್ತು ಗಂಟೆಗೆ ಹೊರಗಿನಿಂದ ಬೀಗ ಹಾಕಿಕೊಂಡು ಹೋಗಿ ಬೆಳಿಗ್ಗೆ ಆರಕ್ಕೆ ಬಂದು ತೆಗೆಯುತ್ತಿದ್ದನಂತೆ. ಕೊನೆಯ ರಾತ್ರಿ ಕರೆಂಟು ಹೋಯಿತಂತೆ. ನಾಡಿಗೆಲ್ಲ ಕರೆಂಟು ಕೊಡುವ ಊರಿನಲ್ಲಿ ನನ್ನ ಮಗಳು ಕತ್ತಲಲ್ಲಿ ಬಚ್ಚಲಿಗೆ ಹೋಗಲು ದಾರಿ ಕಾಣದೆ ಮೂಲೆಯಲ್ಲಿ ಕೂತು ಬೆಳಗು ಮಾಡಿದ್ದಳು.

ಮುಂದಿನ ಭಾನುವಾರ ಬಸ್‌ಸ್ಟ್ಯಾಂಡಿನಲ್ಲಿ ನಾನು ಅವನಿಗೆ ಮೊದಲ ಸಲ 'ನೀನು' ಎಂದೆ. ಅಲ್ಲಿಯವರೆಗೂ ಬಾಯಿ ತಪ್ಪಿಯೂ 'ನೀವು' ಬಿಟ್ಟು ಕರೆದವಳಲ್ಲ.

"ನೀನು ಮನುಸನಾ? ಎಂಟೊರ್ಸದ ಕೂಸ್ನ ಕೂಡಾಕಿ ಬೀಗ ಜಡ್ಕಂಡ್ ಓಯ್ತೀಯಲ್ಲ, ಕರು ಕೂಡಾಕಿದ್ದೀಯಾ?"

ಕಡಲೆಕಾಯಿ ಮಾರುವವರು, ಕಂಡಕ್ಟರುಗಳು ಎಲ್ಲರೂ ತಿರುಗಿ ನೋಡಿದರು. ರವಿಚಂದ್ರ ಕತ್ತು ಬಗ್ಗಿಸಿ ನಿಂತಿದ್ದ. ಅವನಿಗೆ ನಾಚಿಕೆಯಾಗಿದ್ದು ನಿಜ, ಸುಳ್ಳೇಕೆ ಹೇಳಲಿ. "ಶಿಫ್ಟು ಬದಲಾಯ್ಸಕ್ಕಾಗಲ್ಲ ನಯನ. ಕೇಳ್ದೆ, ಕೊಡ್ಲಿಲ್ಲ" ಎಂದ. ಆಮೇಲೆ ಬಸ್ಸಿನ ಹಿಂದೆ ಕರೆದುಕೊಂಡು ಹೋಗಿ ಮೆಲ್ಲಗೆ ಹೇಳಿದ. "ಒಂದ್ ಕೆಲಸ ಮಾಡಾಣ. ನೈಟ್ ಶಿಫ್ಟ್ ವಾರ ಮಗ ನಿನ್ ತಾವೇ ಇರ್ಲಿ. ಬುಕ್ಕಲ್ ಮಾತ್ರ ನಮ್ಮನೇಲಿ ಅಂತ ಬರ್ದುಬುಡು. ಇಲ್ಲ ಅಂದ್ರೆ ಲೆಕ್ಕ ಎಚ್ಚಾಯ್ತದೆ. ಅಲಗೂರಲ್ಲಿ ಮನೆ ಕಟ್ಟಿಸ್ತಾ ಇವ್ನಿ, ಸಂಬಳ ಎಲ್ಲಾ ಸಾಲಕ್ಕೇ ಓಯ್ತಾ ಐತೆ."

ನನಗೆ ಕುಣಿಯುವಷ್ಟು ಸಂತೋಷವಾಯಿತು. ಮುಖ ಗಂಟಿಕ್ಕಿಕೊಂಡೇ, "ಆಯ್ತು ಬುಡು" ಎಂದೆ. ಅಲ್ಲೇ ಬಸ್ಸಿನ ಹಿಂಭಾಗಕ್ಕೆ ರಿಜಿಸ್ಟರ್ ಆನಿಸಿಕೊಂಡು ಮುಂದಿನ ಏಳು ರಾತ್ರಿಗೆ 'ತಂದೆಯ ಮನೆ' ಎಂದು ದುಂಡಗೆ ಬರೆದು ಸೈನ್ ಹಾಕಿದೆ. ಮಗಳ ಕೈ ಹಿಡಿದು ಮನೆಗೆ ಬಂದೆ. ದಾರಿಯಲ್ಲಿ ಅವಳಿಗೆ ಹೇಳಿದೆ, "ಬುಕ್ಕಿಗೆ ಅಪ್ಪನ ಮನೆ ಕಣ್ ಮಗ. ನಿದ್ದೆಗೆ ನಮ್ಮನೆ."

"ಬುಕ್ಕಿಗೆ ಮಾತ್ರನಾ?" ಎಂದು ನಕ್ಕಳು. ಒಂದು ವಾರದಿಂದ ನಗದೇ ಇದ್ದ ಮಗು.

ಈ ಗುಟ್ಟನ್ನು ಅಣ್ಣನಿಂದ ಮುಚ್ಚಿಡಬೇಕಾಗಿತ್ತು. ಶಿವರಾಜುವಿಗೆ ಗೊತ್ತಾದರೆ ಅವತ್ತೇ ಬ್ಲಫಿಗೆ ಹೋಗಿ ರವಿಚಂದ್ರನ ಕೊರಳಪಟ್ಟಿ ಹಿಡಿಯುತ್ತಾನೆ. ರವಿಚಂದ್ರ ರೇಗಿದರೆ ನನ್ನ ಪಾಲು ನನಗೆ ಕೊಡು ಎಂದು ಮಗುವನ್ನು ಕರೆದುಕೊಂಡು ಹೋಗಿ ಮತ್ತೆ ಬೀಗ ಹಾಕುತ್ತಾನೆ. ಅದಕ್ಕೇ ಮಗಳಿಗೆ ಕಲಿಸಿದೆ. ಯಾರಾದರೂ ಕೇಳಿದರೆ ಬ್ಲಫಿನಲ್ಲಿದ್ದೆ ಎನ್ನಬೇಕು. ಗುಟ್ಟು ಹೊರಗೆ ಬಿದ್ದರೆ ಅಪ್ಪ ನಿನ್ನನ್ನು ಕರೆದುಕೊಂಡು ಹೋಗಿಬಿಡುತ್ತಾರೆ. ಇಷ್ಟನ್ನು ಒಂದೇ ಸಲ ಹೇಳಿದ್ದು. ಒಂದು ಸಲಕ್ಕೇ ಅವಳ ಕಣ್ಣು ಅಗಲವಾಯಿತು.

ಅಣ್ಣ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದ. ಅದು 'ಅಪ್ಪನ ವಾರ'ವಾಗಿದ್ದರೆ ಗಗನ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಗೋಡೆಗೆ ಒರಗಿ ಕೂರುತ್ತಿದ್ದಳು. ನಾನು, "ಮಗ ಇಲ್ಲ ಕಣಣ್ಣ, ಅವ್ರಪ್ಪನ್ ತಾವ್ ಐತೆ" ಎನ್ನುತ್ತಿದ್ದೆ. ಅವಳ ಕಣ್ಣಲ್ಲಿ ನೀರು ಬರುವಷ್ಟು ನಗು. ನನ್ನ ವಾರವಾಗಿದ್ದರೆ ಅವಳೇ ಮಾತಾಡುತ್ತಿದ್ದಳು. "ಓದ್ ವಾರ ಎಲ್ಲಿದ್ದೆ ಮಗ?" ಎಂದು ಅವನು ಕೇಳುವುದು, ನಾನು ಅವಳ ಅಂಗೈ ಅದುಮುವುದು, "ಬ್ಲಫಲ್ಲಿ ಮಾವ, ಅಪ್ಪ ಮೀನ್ ಸಾರು ಮಾಡಿದ್ರು" ಎಂದು ಅವಳು ಪಟಪಟ ಹೇಳುವುದು. ಮೀನು ಸಾರು ಅವಳೇ ಸೇರಿಸಿದ್ದು. ರವಿಚಂದ್ರನಿಗೆ ಒಲೆ ಹಚ್ಚಲೂ ಬರುವುದಿಲ್ಲ.

ಮೀನು ಸಾರು ಬುಕ್ಕಿಗೂ ಹೋಯಿತು. ಷರಾ ಕಾಲಮ್ಮು ಖಾಲಿ ಬಿಡುವಂತಿಲ್ಲವಲ್ಲ. ಮೊದಮೊದಲು 'ಮಗು ಆರೋಗ್ಯ' ಎಂದು ಬರೆಯುತ್ತಿದ್ದೆ. ಎಲ್ಲಾ ದಿನವೂ ಒಂದೇ ಮಾತು ಇದ್ದರೆ ಯಾರೂ ನಂಬುವುದಿಲ್ಲ ಎಂದು ರವಿಚಂದ್ರನೇ ಹೇಳಿದ. ಪವರ್ ಹೌಸಿನಲ್ಲಿ ಹಾಗೇ ಅಂತೆ. ರೀಡಿಂಗು ಗಂಟೆಗಂಟೆಗೂ ಒಂದೇ ಇದ್ದರೆ ನಿದ್ದೆ ಮಾಡಿ ಎದ್ದು ತುಂಬಿಸಿದ್ದಾರೆ ಎಂದು ಗೊತ್ತಾಗುತ್ತದಂತೆ. ಅದಕ್ಕೆ ಭಾನುವಾರ ಮಧ್ಯಾಹ್ನ ನಾನೂ ಗಗನಳೂ ಚಾಪೆಯ ಮೇಲೆ ಕೂತು ವಾರದ ಷರಾ ಯೋಚಿಸುತ್ತಿದ್ದೆವು. ಅವಳು ಹೇಳುವುದು, ನಾನು ಬರೆಯುವುದು. 'ತಂದೆ ಮಗ್ಗಿ ಹೇಳಿಸಿದರು.' 'ತಂದೆ ಜಡೆ ಹಾಕಿದರು, ಸೊಟ್ಟಗಾಯಿತು.' 'ತಂದೆಯ ಜೊತೆ ಗಗನಚುಕ್ಕಿ ನೋಡಲು ಹೋಗಿದ್ದಳು. ಇದಕ್ಕೆ ನನ್ನ ಹೆಸರೇ ಇದೆ ಎಂದಳು.' ಇಲ್ಲದ ಅಪ್ಪನೊಬ್ಬನನ್ನು ನಾವಿಬ್ಬರೂ ಸೇರಿ ಕಾಲಮ್ಮಿನಲ್ಲಿ ಸಾಕಿದೆವು. ಬರೆಯುತ್ತಾ ಬರೆಯುತ್ತಾ ಒಮ್ಮೊಮ್ಮೆ ನನಗೇ ಅನ್ನಿಸುತ್ತಿತ್ತು, ಇಂಥವನಾಗಿದ್ದರೆ ನಾನು ಬಿಟ್ಟು ಬರುತ್ತಲೇ ಇರಲಿಲ್ಲ.

ಸೆಪ್ಟೆಂಬರ್ ಕೊನೆಯಲ್ಲಿ ರವಿಚಂದ್ರ ಇನ್ನೊಂದು ಮಾತು ತಂದ. ಮನೆಗೆ ತಾರಸಿ ಹಾಕಿಸಬೇಕು, ನಾಲ್ಕು ಸಾವಿರವೂ ಭಾರವಾಗುತ್ತಿದೆ. ಬುಕ್ಕಿನಲ್ಲಿ ಇಪ್ಪತ್ತು ದಾಟಿಸಿಬಿಡು.

"ಮಗ ಎಲ್ಲಾ ರಾತ್ರಿನೂ ನಿನ್ ತಾವೇ ಇರ್ಲಿ. ನಾನ್ ಕೇಳಕ್ಕೇ ಬರಲ್ಲ. ನಿನ್ಗೆ ಆಗಲ್ಲ ಅಂದ್ರೆ ಬುಡು, ಬಲವಂತ ಇಲ್ಲ. ಅವ್ವನ್ನ ಕ್ವಾಟ್ರಸ್ಸಿಗೆ ಕರ್ಕಂಡ್ ಬಂದು ನನ್ ಪಾಲಿನ್ ಹದಿನೈದು ನಾನೇ ಇಟ್ಕತೀನಿ."

ಅವನ ತಾಯಿ ಮಂಗಳಮ್ಮ ಹಲಗೂರಿನಲ್ಲಿದ್ದರು. ಬಂದರೂ ಬಂದರೇ. ನಾನು ನಿಂತಲ್ಲೇ ಲೆಕ್ಕ ಹಾಕಿದೆ. ನಾಲ್ಕು ಸಾವಿರ, ಹದಿನೈದು ರಾತ್ರಿ. ರಾತ್ರಿಗೆ ಇನ್ನೂರ ಅರವತ್ತಾರು ರೂಪಾಯಿ ಚಿಲ್ಲರೆ. ಮಗಳು ಅಷ್ಟು ಅಗ್ಗಕ್ಕೆ ಸಿಗುವುದಾದರೆ ಬೇಡ ಎನ್ನುವ ತಾಯಿ ಯಾರಿದ್ದಾಳೆ? ಒಪ್ಪಿಕೊಂಡೆ. ಅಕ್ಟೋಬರಿನಿಂದ ಪ್ರತಿ ತಿಂಗಳೂ ಬುಕ್ಕಿಗೆ ಇಪ್ಪತ್ತೆರಡು ರಾತ್ರಿ ಅವನದು, ಎಂಟೊಂಬತ್ತು ನನ್ನದು. ಎಣಿಸುತ್ತಿದ್ದವಳು ಗಗನ. ಹಳೆ ಪೆನ್ಸಿಲ್ಲಿನ ಮೊನೆಯನ್ನು ಒಂದೊಂದೇ ಸಾಲಿನ ಮೇಲೆ ಇಟ್ಟು, "ಇಪ್ಪತ್ತೆರಡು, ಆಯ್ತು ಅಮ್ಮ" ಎನ್ನುತ್ತಿದ್ದಳು.

ಆ ನಾಲ್ಕು ತಿಂಗಳು ನಾನು ಸುಖವಾಗಿದ್ದೆ. ಇದನ್ನು ಬರೆಯುವಾಗಲೂ ಹಾಗೇ ಅನ್ನಿಸುತ್ತದೆ. ಹಾಲು ಅರ್ಧ ಲೀಟರು ತರುತ್ತಿದ್ದವಳು ಕಾಲು ಲೀಟರಿಗೆ ಇಳಿಸಿದೆ, ಭಾನುವಾರವೂ ಅರ್ಧ ದಿನ ಫ್ಯಾಕ್ಟರಿಗೆ ಹೋದೆ. ಆದರೆ ಎಲ್ಲಾ ರಾತ್ರಿಯೂ ಮಗಳು ನನ್ನ ಹೊಟ್ಟೆಯ ಮೇಲೆ ಕಾಲು ಹಾಕಿಕೊಂಡು ಮಲಗುತ್ತಿದ್ದಳು. ಜೈನಾಬ್ ಬೀಗೆ ಮಾತ್ರ ಇದು ಸರಿಕಾಣಲಿಲ್ಲ. "ಅಲ್ಲ ಬೇಟಿ, ಹಾಲು ಕುಡಿಸೋಳು ನೀನು, ಹೆಸ್ರು ಅವ್ನಿಗೆ ಯಾಕೆ?" ಎಂದು ಎರಡು ಸಲ ಹೇಳಿದರು. ಹೆಸರು ಯಾರಿಗೆ ಬೇಕು ಎಂದು ನಾನು ನಕ್ಕುಬಿಟ್ಟೆ.

ಫೆಬ್ರವರಿಯಲ್ಲಿ ಶಿವರಾಜು ಹೊಸ ಟ್ರಾಕ್ಟರಿಗೆ ಸಾಲ ಮಾಡಲು ನನ್ನ ಜಾಮೀನು ಕೇಳಿ, ಪಾಸ್‌ಬುಕ್ ತೆಗೆದುಕೊಂಡು ಹೋದ. ಅದರಲ್ಲಿ ನಾಲ್ಕು ತಿಂಗಳಿಂದ ರವಿಚಂದ್ರನ ಹಣ ಬಂದೇ ಇಲ್ಲ ಎನ್ನುವುದು ಅವನ ಕಣ್ಣಿಗೆ ಬಿತ್ತು. ನನ್ನನ್ನು ಒಂದು ಮಾತು ಕೇಳಲಿಲ್ಲ. ಕೇಳಿದರೆ ತಂಗಿ ಮರ್ಯಾದೆಗೆ ಅಂಜಿ ಬೇಡ ಎನ್ನುತ್ತಾಳೆ ಎಂದುಕೊಂಡನಂತೆ. ಸೀದಾ ಮಂಡ್ಯಕ್ಕೆ ಹೋಗಿ, ಬಾಕಿ ಹದಿನಾರು ಸಾವಿರ ಕಟ್ಟು ಎಂದು ಮಹದೇವಯ್ಯನವರ ಕೈಯಲ್ಲಿ ನೋಟೀಸು ಕಳಿಸಿದ.

ಶುಕ್ರವಾರ ಸಾಯಂಕಾಲ ನಾನು ಫ್ಯಾಕ್ಟರಿ ಬಸ್ಸು ಇಳಿದು ಬಂದಾಗ ಜೈನಾಬ್ ಬೀ ಬಾಗಿಲಲ್ಲೇ ಕೂತಿದ್ದರು.

"ಮಗೂನ ಅವರಪ್ಪ ಇಸ್ಕೂಲಿಂದಾನೇ ಕರ್ಕೊಂಡ್ ಹೋಗ್ಬಿಟ್ರು ಬೇಟಿ. ಅಜ್ಜಿನೂ ಬಂದಿದ್ರಂತೆ. ನಾನು ಓಡಿ ಹೋಗೋದ್ರೊಳಗೆ ಬಸ್ ಹತ್ತಿದ್ರು."

ರವಿಚಂದ್ರನಿಗೆ ಫೋನ್ ಮಾಡಿದೆ. ಹತ್ತನೇ ಸಲಕ್ಕೆ ಎತ್ತಿದ. ದನಿ ಎಂದಿನಂತೆ ತಣ್ಣಗಿತ್ತು. "ನಾನೇನ್ ಮಾಡ್ಲಿ ನಯನ? ನಿಮ್ಮಣ್ಣ ನೋಟೀಸ್ ಕಳ್ಸವ್ನೆ. ಓದ್ ಭಾನ್ವಾರ ಸೈನಿಗೆ ಅಂತ ಇಸ್ಕಂಡಿದ್ ಬುಕ್ಕು ತಕ್ಕಂಡೋಗಿ ಲಾಯರ್ಗೆ ತೋರುಸ್ದೆ. ಇಷ್ಟು ದಿನ ಮಗ ನಿಮ್ ತಾವೇ ಇದ್ರೆ ನೀವ್ಯಾಕೆ ಅರ್ಧ ಅಂತ ಒಪ್ಕಂಡಿದ್ದೀರಿ, ಪೂರ್ತಿ ಕೇಳಿ ಅಂದ್ರು. ಅರ್ಜಿ ಆಕಿದ್ದೀವಿ."

"ಮಗ ಯಾರ್ ತಾವ್ ಇತ್ತು ಅಂತ ನಿಂಗೊತ್ತಿಲ್ವಾ?"

"ಬುಕ್ಕಲ್ ಇರದು ಅದೇ ಅಲ್ವಾ" ಎಂದ. ಅವನು ಸುಳ್ಳು ಹೇಳುತ್ತಿದ್ದಾನೆ ಎಂದು ಈಗಲೂ ನನಗೆ ಖಾತ್ರಿಯಿಲ್ಲ. ಬರೆದದ್ದನ್ನು ನಂಬುವುದು ಅವನ ಹುಟ್ಟುಗುಣ.

ಮಾರನೇ ದಿನ ಮಹದೇವಯ್ಯನವರ ಆಫೀಸಿನಲ್ಲಿ ಅಣ್ಣನ ಎದುರಿಗೆ ಎಲ್ಲವನ್ನೂ ಒದರಿದೆ. ಅಣ್ಣ ಬೈಯುತ್ತಾನೆ, ಹೊಡೆದರೂ ಹೊಡೆಯಲಿ ಎಂದುಕೊಂಡಿದ್ದೆ. ಅವನು ಕುರ್ಚಿಯಲ್ಲಿ ಹಾಗೇ ಕೂತಿದ್ದ.

"ನಾನು ನಿನ್ ಕಡಿಂದ ಬಡ್ದಾಡ್ತಿದ್ರೆ, ನೀನು ಅವನ್ ಕಡಿಂದ ಬರೀತಿದ್ಯಾ ಕಣಮ್ಮಿ?" ಎಂದ. "ಆ ಮಗ ನಂತಾವು ಮೀನ್ ಸಾರು ಅಂತ ಏಳುದ್ದೂ ಸುಳ್ಳಾ?"

"ಊಂ ಕಣಣ್ಣ."

ಅವನು ಹೊರಗೆ ಹೋಗಿ ಬೀದಿಯಲ್ಲಿ ನಿಂತುಕೊಂಡ. ತಿರುಗಿ ಒಳಗೆ ಬರಲು ಅರ್ಧ ಗಂಟೆ ಹಿಡಿಯಿತು.

ಮಹದೇವಯ್ಯನವರು ಕನ್ನಡಕ ಒರೆಸುತ್ತಾ ಹೇಳಿದರು, ಪೊಲೀಸಿಗೆ ಹೋಗಿ ಪ್ರಯೋಜನವಿಲ್ಲ, ಬುಕ್ಕಿನ ಪ್ರಕಾರ ಮಗು ಇರಬೇಕಾದ ಕಡೆಯೇ ಇದೆ. ಎರಡೂವರೆ ವಾರಕ್ಕೆ ವಿಚಾರಣೆ ಇದೆ. ಜೈನಾಬ್ ಬೀ ಸಾಕ್ಷಿ ಹೇಳಲಿ. ಆದರೆ ಜಡ್ಜು ಮಗುವನ್ನು ಒಳಗೆ ಕರೆದು ಖುದ್ದಾಗಿ ಕೇಳುತ್ತಾರೆ. "ಮಗು ನಿಜ ಹೇಳಿದ್ರೆ ಸಾಕಮ್ಮ, ಬುಕ್ಕು ಬರೀ ಕಾಗದ ಆಗುತ್ತೆ" ಎಂದರು. ಇನ್ನೊಂದು ಮಾತನ್ನು ಒತ್ತಿ ಒತ್ತಿ ಹೇಳಿದರು. ಅವತ್ತು ಕೋರ್ಟಿನಲ್ಲಿ ಮಗುವಿಗೆ ಏನನ್ನೂ ಹೇಳಿಕೊಡಬಾರದು. ಆ ಕಡೆಯ ಲಾಯರು ಕಣ್ಣಿಟ್ಟಿರುತ್ತಾನೆ. ಒಂದು ಮಾತು ಕಿವಿಗೆ ಬಿದ್ದರೂ ತಾಯಿ ಹೇಳಿಕೊಟ್ಟದ್ದು ಎಂದು ಎಲ್ಲಾ ಹೋಗುತ್ತದೆ. ನಾನು ತಲೆಯಾಡಿಸಿದೆ. ನನ್ನ ಮಗಳು ಜಾಣೆ, ಜಡ್ಜಮ್ಮ ಕೇಳಿದರೆ ಇದ್ದದ್ದು ಇದ್ದಂತೆ ಹೇಳುತ್ತಾಳೆ ಎಂದು ಜಂಬದಿಂದಲೇ ಹೇಳಿದೆ.

ಎರಡೂವರೆ ವಾರ ಅವಳನ್ನು ಸ್ಕೂಲಿಗೂ ಕಳಿಸಲಿಲ್ಲ, ದನಿಯನ್ನೂ ಕೇಳಲು ಬಿಡಲಿಲ್ಲ. ಲಾಯರು ಬೇಡ ಎಂದಿದ್ದಾರೆ ಎಂದು ರವಿಚಂದ್ರ ಫೋನ್ ಇಟ್ಟ. ಒಂದು ದಿನ ಕಾಲರು ಹೊಲಿಯುತ್ತಾ ಸೂಜಿ ಬೆರಳಿಗೆ ಇಳಿದದ್ದೂ ಗೊತ್ತಾಗಲಿಲ್ಲ. ಬಿಳಿ ಶರ್ಟಿನ ಮೇಲೆ ರಕ್ತ ನೋಡಿ ಸೂಪರ್‌ವೈಸರ್ ಕೂಗಿಕೊಂಡ.

ವಿಚಾರಣೆಯ ದಿನ ಜೈನಾಬ್ ಬೀ ಚಪಾತಿ, ಆಲೂಗಡ್ಡೆ ಪಲ್ಯ ಕಟ್ಟಿಕೊಂಡು ನನ್ನ ಜೊತೆ ಮಂಡ್ಯಕ್ಕೆ ಬಂದರು. ಮಗು ಹಸಿದಿರುತ್ತದೆ ಎಂದು. ಹನ್ನೊಂದು ಗಂಟೆಗೆ ರವಿಚಂದ್ರ, ಮಂಗಳಮ್ಮ, ಗಗನ ಬಂದರು. ಹೊಸ ಫ್ರಾಕು ಹಾಕಿದ್ದರು, ಜಡೆ ಬಿಗಿಯಾಗಿ ಹೆಣೆದಿದ್ದರು. ನನ್ನನ್ನು ಕಂಡವಳೇ ಅಜ್ಜಿಯ ಕೈ ಕೊಸರಿಕೊಂಡು ಓಡಿ ಬಂದು ಸೊಂಟ ತಬ್ಬಿಕೊಂಡಳು. ಮುಖ ಮೇಲೆತ್ತಿ, ಯಾರಿಗೂ ಕೇಳಿಸದಂತೆ ಪಿಸುಗುಟ್ಟಿದಳು.

"ಅಮ್ಮ, ನಾನು ಯಾರ್ಗೂ ಏಳ್ಲಿಲ್ಲ. ದೇವ್ರಾಣೆ. ಗುಟ್ಟು ಅಂಗೇ ಐತೆ."

ಆಗ ಅರ್ಥವಾಯಿತು. ಗುಟ್ಟು ಹೊರಗೆ ಬಿದ್ದರೆ ಅಪ್ಪ ಕರೆದುಕೊಂಡು ಹೋಗುತ್ತಾರೆ ಎಂದು ನಾನೇ ಹೇಳಿದ್ದೆನಲ್ಲ. ಅಪ್ಪ ಬಂದು ಕರೆದುಕೊಂಡು ಹೋಗಿದ್ದರು. ಎರಡೂವರೆ ವಾರ ಆ ಮಗು ತನ್ನಿಂದಲೇ ತಪ್ಪಾಯಿತೇನೋ ಎಂದು ಕೊರಗಿತ್ತು. ಹೇಳಿಬಿಡು ಮಗ, ಇನ್ನು ಗುಟ್ಟು ಬೇಡ ಎನ್ನಲು ಬಾಯಿ ತೆರೆದೆ. ಆ ಕಡೆಯ ಲಾಯರು ಮಾರು ದೂರದಲ್ಲಿ ನಮ್ಮನ್ನೇ ನೋಡುತ್ತಾ ನಿಂತಿದ್ದ. ಮಹದೇವಯ್ಯನವರು ನನ್ನತ್ತ ನೋಡಿ ಬೇಡ ಎಂದು ತಲೆಯಲ್ಲಾಡಿಸಿದರು. ಅಷ್ಟು ತಿಂಗಳು ನಿಯಮ ಮುರಿದವಳು ಅವತ್ತೊಂದು ದಿನ ನಿಯಮ ಪಾಲಿಸಿದೆ. ಮಾತು ನುಂಗಿಕೊಂಡು ಅವಳ ಅಂಗೈಯನ್ನು ಗಟ್ಟಿಯಾಗಿ ಅದುಮಿದೆ. ಅದುಮಿದ ಮೇಲೆ ನೆನಪಾಯಿತು, ಫೋನ್ ಬಂದಾಗಲೆಲ್ಲ ಹೀಗೇ ಅದುಮುತ್ತಿದ್ದೆ. ಗಗನ ತಿಳಿಯಿತು ಎನ್ನುವಂತೆ ತಲೆಯಾಡಿಸಿದಳು. ಅಷ್ಟರಲ್ಲಿ ನಮ್ಮ ಹೆಸರು ಕೂಗಿದರು.

ಒಳಗೆ ಆ ಕಡೆಯ ಲಾಯರು ರಿಜಿಸ್ಟರ್ ತೆರೆದು ಗಟ್ಟಿಯಾಗಿ ಓದಿದ. "ನವೆಂಬರ್ ಹದಿನಾಲ್ಕು. ತಂದೆಯ ಮನೆ. ಷರಾ, ಮಗುವಿಗೆ ಜ್ವರ. ತಂದೆ ರಾತ್ರಿಯೆಲ್ಲ ಎದ್ದು ಕೂತು ಹಣೆಗೆ ಒದ್ದೆ ಬಟ್ಟೆ ಹಾಕಿದರು. ಬೆಳಗಿನ ಜಾವ ಜ್ವರ ಬಿಟ್ಟಿತು."

ಆ ರಾತ್ರಿ ಎದ್ದು ಕೂತವಳು ನಾನು. ಬಟ್ಟೆ ಅದ್ದಿ ಅದ್ದಿ ಬೆರಳು ಸುಕ್ಕಾಗಿದ್ದವು. ಅದೇ ಬೆರಳಿನಲ್ಲಿ ಅವನ 'ಷರಾ' ಬರೆದಿದ್ದೆ. ಪಕ್ಕದಲ್ಲಿ ರವಿಚಂದ್ರ ತಲೆ ತಗ್ಗಿಸಿ ಕೇಳುತ್ತಿದ್ದ. ಅವನ ಕಣ್ಣು ಒದ್ದೆಯಾಗಿತ್ತು. ಅಯ್ಯೋ ನಿನ್ನ, ನೀನು ಮಾಡದ ಉಪಚಾರಕ್ಕೆ ನೀನೇ ಅಳುತ್ತೀಯಲ್ಲೋ ಎಂದು ಕಿರುಚಬೇಕೆನಿಸಿತು.

ಜಡ್ಜು ಮೇಡಂ ನನ್ನನ್ನು ಕೇಳಿದರು, ಈ ಅಕ್ಷರ ನಿಮ್ಮದಾ? ಹೌದು ಎಂದೆ. ಬರೆದದ್ದು ನಿಜವಾ? ಅಲ್ಲ ಎಂದೆ. ಮತ್ಯಾಕೆ ಬರೆದಿರಿ?

"ಮಗು ನನ್ನ ಹತ್ರ ಇರ್ಲಿ ಅಂತ ಮೇಡಂ."

ಅವರಿಗೆ ಅರ್ಥವಾಗಲಿಲ್ಲ. ಮಗು ತಂದೆಯ ಮನೆಯಲ್ಲಿದೆ ಎಂದು ತಾಯಿಯೇ ಬರೆದಿದ್ದಾಳೆ, ಮಗು ತನ್ನ ಬಳಿ ಇರಲಿ ಎಂದು. ಮಹದೇವಯ್ಯನವರು ಬಿಡಿಸಿ ಹೇಳಿದರು. ಮೇಡಂ ಎಲ್ಲವನ್ನೂ ಕೇಳಿ, ಒಳ್ಳೆಯ ಮುಖದಿಂದಲೇ, "ಮಗುವನ್ನು ಕೇಳೋಣ" ಎಂದರು. ಹೆಂಗಸೊಬ್ಬರು ಬಂದು ಗಗನಳ ಕೈ ಹಿಡಿದು ಮೇಡಂ ಕೋಣೆಗೆ ಕರೆದುಕೊಂಡು ಹೋದರು.

ನಾನು ಹೊರಗೆ ಬೆಂಚಿನ ಮೇಲೆ ಕೂತೆ. ಜೈನಾಬ್ ಬೀ ತುಟಿ ಅಲ್ಲಾಡಿಸುತ್ತಾ ಏನೋ ಓದಿಕೊಳ್ಳುತ್ತಿದ್ದರು. ಅಣ್ಣ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ. ಇಪ್ಪತ್ತು ನಿಮಿಷವಾಗಿರಬಹುದು. ಬಾಗಿಲು ತೆರೆಯಿತು, ಗಗನ ಕುಣಿಯುತ್ತಾ ಬಂದಳು. ಕೈಯಲ್ಲಿ ಮೇಡಂ ಕೊಟ್ಟ ಚಾಕೊಲೇಟಿತ್ತು. ನನ್ನ ಕೊರಳಿಗೆ ಜೋತುಬಿದ್ದು ಕಿವಿಯಲ್ಲಿ ಹೇಳಿದಳು.

"ಒಂದೂ ತಪ್ಪು ಏಳ್ಲಿಲ್ಲ ಅಮ್ಮ. ತಿಂಗ್ಳಿಗೆ ಇಪ್ಪತ್ತೆರಡು ಅಂದೆ. ಮೀನ್ ಸಾರು ಏಳ್ದೆ, ಸೊಟ್ಟ ಜಡೆ ಏಳ್ದೆ, ಜ್ವರ ಬಂದಿದ್ದೂ ಏಳ್ದೆ. ಅಮ್ಮ ಏಳ್ಕೊಟ್ರಾ ಅಂತ ಕೇಳುದ್ರು. ಇಲ್ಲ, ನಾನೇ ಎಣ್ಸಿದ್ದು ಅಂದೆ. ಈಗ ನಮ್ಮನೆಗೆ ಓಗಾಣ್ವಾ?"

ಅವಳ ಬೆನ್ನು ಸವರುತ್ತಾ ಕೂತಿದ್ದೆ. ಜೈನಾಬ್ ಬೀ ನನ್ನ ಮುಖ ನೋಡಿ, ಊಟದ ಗಂಟನ್ನು ಮೆಲ್ಲಗೆ ಬೆಂಚಿನ ಕೆಳಗಿಟ್ಟರು.

ಊಟದ ಹೊತ್ತಾದ ಮೇಲೆ ಮೇಡಂ ಹೇಳಿದರು. ಮಗು ದಿನ, ಅಡುಗೆ, ಕಾಯಿಲೆ ಸಮೇತ ಹೇಳಿದೆ, ಎಲ್ಲವೂ ತಾಯಿಯ ಕೈಬರಹಕ್ಕೆ ತಾಳೆಯಾಗುತ್ತದೆ. ಜೈನಾಬ್ ಬೀ ಸಾಕ್ಷಿಯನ್ನೂ, ಬೇರೆ ಸಾಕ್ಷಿ ಇದ್ದರೆ ಅದನ್ನೂ ಮುಂದಿನ ತಾರೀಕಿಗೆ ಕೇಳುತ್ತೇನೆ. ಮುಂದಿನ ತಾರೀಕು ಜೂನ್ ಎಂದರು. ಅಲ್ಲಿಯವರೆಗೆ ಮಗು ಈಗ ಇರುವಂತೆಯೇ ತಂದೆಯ ಬಳಿ ಇರಲಿ, ತಂದೆ ಏನೂ ಕೊಡಬೇಕಾಗಿಲ್ಲ. ತಾಯಿಗೆ ಭಾನುವಾರ ಬೆಳಿಗ್ಗೆ ಹತ್ತರಿಂದ ಸಾಯಂಕಾಲ ಐದು. ರಾತ್ರಿ ಒಂದೂ ಇಲ್ಲ.

ಮಂಡ್ಯದ ಬಸ್‌ಸ್ಟ್ಯಾಂಡಿಗೆ ಎಲ್ಲರೂ ಒಟ್ಟಿಗೇ ಬಂದೆವು, ದಾರಿ ಒಂದೇ. ಕೊಳ್ಳೇಗಾಲದ ಬಸ್ಸು ನಿಂತಿತ್ತು. ಅದೇ ಬಸ್ಸಿನಲ್ಲಿ ನಾನೂ ಮಳವಳ್ಳಿಗೆ ಹೋಗಬಹುದಾಗಿತ್ತು, ಹತ್ತಲು ಮನಸ್ಸಾಗಲಿಲ್ಲ. ಮಂಗಳಮ್ಮ ಮೊಮ್ಮಗಳ ಕೈ ಹಿಡಿದು, "ಬಾ ಕೂಸೇ, ಸೀಟ್ ಇಡ್ಕಳಾಣ" ಎಂದರು. ಗಗನ ಮೆಟ್ಟಿಲ ಮೇಲೆ ಕಾಲಿಟ್ಟವಳು ನಾನು ಹತ್ತುತ್ತಿಲ್ಲ ಎನ್ನುವುದನ್ನು ಗಮನಿಸಿದಳು. ಅವಳ ಮುಖ ಸಪ್ಪಗಾಯಿತು. ಆಮೇಲೆ ಏನೋ ಹೊಳೆದಂತೆ ಬಗ್ಗಿ, ಗುಟ್ಟಾಗಿ ಕೇಳಿದಳು.

"ಅಮ್ಮ, ಇದೂ ಬುಕ್ಕಿಗೇ ತಾನೇ?"

ಹಿಂದೆ ಜನ ಹತ್ತಲು ನೂಕುತ್ತಿದ್ದರು. ರವಿಚಂದ್ರ ಕಂಕುಳಲ್ಲಿ ರಿಜಿಸ್ಟರ್ ಇಟ್ಟುಕೊಂಡು ಟಿಕೆಟ್ಟಿಗೆ ಚಿಲ್ಲರೆ ಹುಡುಕುತ್ತಿದ್ದ.

"ಊಂ ಮಗ" ಎಂದೆ. "ಬುಕ್ಕಿಗೇ."

ಅವಳು ಒಳಗೆ ಓಡಿ ಕಿಟಕಿ ಪಕ್ಕ ಕೂತಳು. ಬಸ್ಸು ಹೊರಟಾಗ ನನ್ನತ್ತ ನೋಡಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು, ಮಾವನ ಫೋನ್ ಬಂದಾಗ ಮಾಡುತ್ತಿದ್ದಂತೆಯೇ. ಕಣ್ಣು ನಗುತ್ತಿದ್ದವು. ಬಸ್ಸು ಸ್ಟ್ಯಾಂಡು ದಾಟಿ ತಿರುಗುವವರೆಗೂ ಆ ಕೈ ತೆಗೆಯಲಿಲ್ಲ.